‘ಜ್ಯೋತಿ’ ಮುದ್ರಿಕೆ: ಜಾಝ್ ವಾದಕನ ಕೊಳಲೂ ಕರ್ಣಾಟಕ ರಾಗವೂ

ಜಾಝ್ ಸಂಗೀತವನ್ನು ಕರ್ಣಾಟಕ ಸಂಗೀತದೊಡನೆ ಬೆಸೆದವರಲ್ಲಿ ಅಮೆರಿಕದ ಚಾರ್ಲಿ ಮರಿಯಾನೋ (1923–2009) ಅವರ ಹೆಸರು ಪ್ರಸಿದ್ಧವಾದುದು. ಬಾಸ್ಟನ್ ನಗರದಲ್ಲಿ ಹುಟ್ಟಿದ ಇವರು ಮುಖ್ಯವಾಗಿ ಸ್ಯಾಕ್ಸೊಫೋನ್ ವಾದಕರಾದರೂ ಕೊಳಲನ್ನೂ ನುಡಿಸುತ್ತಿದ್ದರು, ರಚನಕಾರರೂ ಆಗಿದ್ದರು, ನಮ್ಮ ನಾಗಸ್ವರವನ್ನೂ ಕಲಿತಿದ್ದರು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಎಂಬ ತಾಳವಾದ್ಯ ಸಂಸ್ಥೆಯ ಕಲಾವಿದರೊಡನೆ ಇವರು ನುಡಿಸಿದ ‘ಜ್ಯೋತಿ’ ಎಂಬ ಮುದ್ರಿಕೆಯು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಗಾಗಿ ಸಿದ್ಧವಾಯಿತು. ಈ ಬೆಸುಗೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರೆಂಬುದು ವಿಚಾರಣೀಯವಾಗಿದೆ.

ಮೊದಲು ವಾದ್ಯದ ತೊಡಕನ್ನು ನೋಡೋಣ. ನಮ್ಮ ಬಿದಿರ ಕೊಳಲಿನಲ್ಲಿ ರಂಧ್ರಕ್ಕೂ ಬೆರಳಿಗೂ ನಡುವೆ ಏನೂ ಇಲ್ಲ. ಬೆರಳನ್ನು ಅರೆಯಾಗಿ ತೆರೆದು, ಜಾರಿಸಿ, ಎರಡು ಸ್ವರಸ್ಥಾನಗಳ ನಡುವಣ ಎಡೆಯನ್ನೆಲ್ಲ ತುಂಬಬಹುದು. ತೋಡಿಯ ಗಾಂಧಾರವು ಒಂದೆಡೆ ನಿಲ್ಲುವ ಸ್ವರವಲ್ಲ. ಆಂದೋಲನವೇ ಅದರ ಸ್ವರೂಪ. ಟಿ. ಆರ್. ಮಹಾಲಿಂಗಂ (1926–1986) ಅವರು ಹಾಡುಗಾರಿಕೆಯ ಗಮಕವನ್ನು ಕೊಳಲಿಗೆ ತಂದುದು ಇಂತಹ ಬರಿಬೆರಳಿನ ವಾದ್ಯದಲ್ಲಿ. ಐರೋಪ್ಯರ ಕೊಳಲಾದರೋ ಜರ್ಮನಿಯ ಬೋಮ್ ಎಂಬವರು 1847ರಲ್ಲಿ ರೂಪಿಸಿದ ಕೀಲಿಗಳ ಏರ್ಪಾಡನ್ನು ಅನುಸರಿಸಿದುದು. ಅದರಲ್ಲಿ ಹನ್ನೆರಡು ಸ್ವರಗಳೂ ಸಮವಾಗಿ, ಶೀಘ್ರವಾಗಿ ದೊರೆಯುವುವು. ಆದರೆ ಸ್ವರವನ್ನು ಬಾಗಿಸುವ ಕೆಲಸವು ಬಹುಮಟ್ಟಿಗೆ ತುಟಿಯ ಪಾಲಿಗೆ ಬೀಳುವುದು. ಜಾಝ್ ವಾದಕರು ಬ್ಲೂಸ್ ಪದ್ಧತಿಯ ಸ್ವರಗಳನ್ನು ಕಿಂಚಿತ್ತು ಇಳಿಸಿ ನುಡಿಸುವುದರಲ್ಲಿ ಇದೇ ಪಳಗಿಕೆ ಇರುವುದು. ಮರಿಯಾನೋ ಅವರಿಗೆ ಈ ಅಭ್ಯಾಸದೊಡನೆ ಕೀಲಿಗಳಿಲ್ಲದ ನಾಗಸ್ವರದ ಪಾಠವೂ ಆಗಿದ್ದಿತು. (ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಿಂದ ಗಮಕವನ್ನು ಹೊರಡಿಸಿದುದನ್ನು ಕೇಳಿದವರಿಗೆ ಕೀಲಿಯ ತೊಡಕು ದಾಟಲಾರದುದೆಂದು ತೋರದು.)

ಮುಖ್ಯವಾದ ವಿರೋಧವಿರುವುದು ಬೇರೊಂದೆಡೆ. ಜಾಝ್ ಸಂಗೀತದ ಬಹುಭಾಗವು ಕಾರ್ಡ್ ಎಂಬ ಸ್ವರಗುಚ್ಛಗಳ ಸರಣಿಯ ಮೇಲೆ ನಿಂತಿದೆ. ಗುಚ್ಛವು ಬದಲಾದಂತೆ ಅದೇ ಸ್ವರಕ್ಕೆ ಬೇರೆ ಅರ್ಥ ಬರುವುದು. ರಾಗಕ್ಕಾದರೋ ಆಧಾರಶ್ರುತಿ ಒಂದೇ. ಷಡ್ಜವು ಕದಲಿದರೆ ರಾಗವೇ ಕದಲಿತು. ‘ಜ್ಯೋತಿ’ಯಲ್ಲಿ ಪಿಯಾನೋ ಇಲ್ಲ, ಗಿಟಾರೂ ಇಲ್ಲ. ತಂಬೂರಿಯ ಶ್ರುತಿಯಲ್ಲಿ ಆರ್. ಎ. ರಮಾಮಣಿಯವರ ಕಂಠ, ಮೃದಂಗ, ಘಟ, ಖಂಜಿರ, ಮೋರ್ಸಿಂಗು, ಕೊನ್ನಕೋಲು, ಇವುಗಳ ನಡುವೆ ಮರಿಯಾನೋ ಅವರ ಸುಷಿರವಾದ್ಯ. ಎಂದರೆ ತಮ್ಮ ಸಂಪ್ರದಾಯದ ಆಧಾರವನ್ನೇ ಅವರು ಹೊರಗಿಟ್ಟು ಒಳಗೆ ಬಂದರು. ಜಾಝ್ ಪಾಲಿನದಾಗಿ ಉಳಿದುದು ನಾದದ ಬಣ್ಣವೂ, ಉಸಿರಿಗೆ ತಕ್ಕಂತೆ ಸ್ವರವಾಕ್ಯವನ್ನು ತಡೆದು ಬಿಡುವ ರೀತಿಯೂ, ಆಶುಕಲ್ಪನೆಯೂ. ಇವುಗಳಲ್ಲಿ ಕಡೆಯದು ನಮ್ಮ ಮನೋಧರ್ಮಕ್ಕೆ ಹೊರತಾದುದಲ್ಲ. ಆದುದರಿಂದ ಇದನ್ನು ‘ಮಿಶ್ರಣ’ವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ, ಅತಿಥಿಯು ಮನೆಯವರ ಶ್ರುತಿಗೆ ತನ್ನ ವಾದ್ಯವನ್ನು ಕೂಡಿಸಿಕೊಂಡ ರೀತಿಯಿದು.

ಕರ್ತೃತ್ವದ ವಿಷಯದಲ್ಲಿಯೂ ಒಂದು ಮಾತುಂಟು. ‘ವರ್ಷಿಣಿ’, ‘ಸಪ್ತರ್ಷಿ’ ಮೊದಲಾದ ಹೆಸರುಗಳನ್ನು ಹೊತ್ತ ಈ ಕೃತಿಗಳಲ್ಲಿ ಹೆಚ್ಚಿನವು ರಮಾಮಣಿಯವರ ರಚನೆಗಳು. ಮುದ್ರಿಕೆಯ ಶಿರೋನಾಮೆಯಲ್ಲಿ ಮರಿಯಾನೋ ಅವರ ಹೆಸರು ಮೊದಲು ಬರುವುದರಿಂದ ಅವರನ್ನೇ ರಚನಕಾರರೆಂದು ಭಾವಿಸುವ ಸಂಭವವಿದೆ. ಇದನ್ನು ಪಾಠಕ್ಕೆ ಎತ್ತಿಕೊಳ್ಳುವ ಅಧ್ಯಾಪಕರು ರಚನೆಯನ್ನು ಬೆಂಗಳೂರಿನ ಗಾಯಕಿಯ ಹೆಸರಿನಲ್ಲಿಯೂ ಸುಷಿರವಾದನವನ್ನು ಬಾಸ್ಟನ್ನಿನ ವಾದಕರ ಹೆಸರಿನಲ್ಲಿಯೂ ಬೇರೆಬೇರೆಯಾಗಿ ಬರೆದುಕೊಳ್ಳುವುದು ಲೇಸು.