ಹಸುಗೂಸಿನ ಕೊರಳಿನ ಅಳತೆ

ಆರೋಗ್ಯವಾಗಿರುವ ಹಸುಗೂಸಿನ ಕೊರಳನ್ನು ಯಂತ್ರವಿಟ್ಟು ಅಳೆಯುವುದೇಕೆಂದು ಓದುಗ ಬಂಧುಗಳು ಕೇಳಬಹುದು. ಸಹಜವಾದುದರ ಪ್ರಮಾಣವನ್ನು ಅರಿಯದೆ ವಿಕಾರವನ್ನು ನಿರ್ಣಯಿಸಲಾಗದು ಎಂಬುದೇ ಇದಕ್ಕೆ ಉತ್ತರ.

ಗಂಟಲಿನ ಮುಂಭಾಗದಲ್ಲಿ ಪಾತರಗಿತ್ತಿಯ ರೆಕ್ಕೆಗಳಂತೆ ಹರಡಿರುವ ಥೈರಾಯ್ಡ್ ಗ್ರಂಥಿಯು ನವಜಾತ ಶಿಶುವಿನಲ್ಲಿ ಸುಮಾರು 1 ಮಿಲಿಲೀಟರಿನಷ್ಟು ಮಾತ್ರ. ಬೆರಳಿಗೆ ಅದು ಸಿಕ್ಕುವುದು ದುಸ್ತರ; ಕೂಸಿನ ಕೊರಳು ಕಣ್ಣಿಗೆ ಕಾಣುವುದೇ ಅಪರೂಪವಷ್ಟೆ! ಆದುದರಿಂದ ವೈದ್ಯರು ಅಲ್ಟ್ರಾಸೌಂಡನ್ನು ಆಶ್ರಯಿಸುತ್ತಾರೆ. ಇದರಲ್ಲಿ ವಿಕಿರಣವಿಲ್ಲ, ಕಿವಿಗೆ ಕೇಳಿಸದ ಧ್ವನಿತರಂಗಗಳಷ್ಟೇ. ಗ್ರಂಥಿಯ ಎರಡು ಹಾಲೆಗಳಲ್ಲಿ ಒಂದೊಂದರ ಉದ್ದ, ಅಗಲ, ದಪ್ಪಗಳನ್ನು ಗುಣಿಸಿ, ಬಂದುದರ ಹೆಚ್ಚುಕಡಿಮೆ ಅರ್ಧವನ್ನು ಅದರ ಗಾತ್ರವೆಂದು ಹಿಡಿದು, ಎರಡನ್ನೂ ಕೂಡಿಸುತ್ತಾರೆ. ತಾಯಿಗೆ ಅಯೋಡಿನ್ ಸಾಲದಾದಲ್ಲಿ ಶಿಶುವಿನ ಗ್ರಂಥಿ ಹಿಗ್ಗಬಹುದು. ಹೀಗಾಗಿ ಒಂದು ನಾಡಿನ ಅಳತೆಯನ್ನು ಮತ್ತೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ನಮಗೆ ಇದು ಬರಿಯ ಅಂಕಿಗಳ ಕುತೂಹಲವೆನಿಸುವುದಿಲ್ಲ. ಗ್ರಂಥಿಯೇ ಇಲ್ಲದೆ, ಅಥವಾ ಅದು ನಾಲಗೆಯ ಬುಡದಲ್ಲಿಯೇ ಉಳಿದು ಹುಟ್ಟುವ ಶಿಶುಗಳುಂಟು. ಮೊದಮೊದಲು ಲಕ್ಷಣಗಳು ಸ್ಪಷ್ಟವಾಗಿ ತೋರವು. “ಎಂಥ ಸಾಧು ಕೂಸು, ಅಳುವುದೇ ಇಲ್ಲ” ಎಂದು ಮನೆಯವರು ಸಂತೋಷಪಡುತ್ತಿರುವಾಗಲೇ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತಿರುತ್ತದೆ. ಎರಡು ವಾರಗಳೊಳಗೆ ಮಾತ್ರೆ ಆರಂಭಿಸಿದರೆ ಬಹುಪಾಲು ಮಕ್ಕಳು ಇತರರಂತೆಯೇ ಬೆಳೆಯುತ್ತಾರೆ.

ಗಾತ್ರ ಸರಿಯಿದ್ದರೂ ಗ್ರಂಥಿ ಕೆಲಸ ಮಾಡದಿರಬಹುದು. ಅದನ್ನು ಮೊದಲು ತಿಳಿಸುವುದು ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದ ಟಿಎಸ್‌ಎಚ್ ಪರೀಕ್ಷೆ. ಅಲ್ಟ್ರಾಸೌಂಡು ಅದರ ಅನಂತರದ್ದು. ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳೂ ತಾವಾಗಿಯೇ ಮಾಡುವುದಿಲ್ಲ. ಬಾಣಂತಿಯನ್ನು ಮನೆಗೆ ಕರೆತರುವ ಮುನ್ನ ವೈದ್ಯರನ್ನು ಕೇಳಿ ಮಾಡಿಸಬೇಕೆಂದು ಮನೆಯ ಹಿರಿಯರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.