ಚಿನ್ನಕ್ಕೆ ಹಾಲ್‌ಮಾರ್ಕ್, ಕಲ್ಲಿಗೆ?

ಹಲಸೂರಿನ ನಮ್ಮ ಚಿಕ್ಕಮ್ಮ ಸಾಡೇಸಾತಿಗೆ ಹೆದರಿ, ಚೀಟಿ ದುಡ್ಡು ಎತ್ತಿ, ಶಿವಾಜಿನಗರದ ಅಂಗಡಿಯೊಂದರಲ್ಲಿ ನೀಲದ ಉಂಗುರ ಮಾಡಿಸಿಕೊಂಡರು. ಎಂಟೇ ತಿಂಗಳು. ಪಾತ್ರೆ ತೊಳೆಯುವಾಗ ಸಿಂಕಿಗೆ ತಾಗಿ ಕಲ್ಲು ಉದ್ದಕ್ಕೆ ಸೀಳಿತು. "ಶನಿ ಕಲ್ಲನ್ನೇ ಒಡೆದ ನೋಡೋ" ಅಂದರು. ನನಗೆ ಶನಿಗಿಂತ ಅಂಗಡಿಯವನ ಮೇಲೆ ಅನುಮಾನ. ರತ್ನ ಪರೀಕ್ಷೆ ಮಾಡೋ ಲ್ಯಾಬಿಗೆ ಕೊಟ್ಟೆ. ವರದಿಯಲ್ಲಿ ಬಂದ ಹೆಸರು ಕಯನೈಟ್.

ಗಾಜಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದೂ ಅಲ್ಲ. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ನೆಲದೊಳಗೆ ಹುಟ್ಟಿದ ಸಿಲಿಕೇಟ್ ಖನಿಜ. ನೀಲ ಬೇರೆ ವಂಶದ್ದು, ಅದು ಅಲ್ಯೂಮಿನಿಯಂ ಆಕ್ಸೈಡ್. ಎರಡಕ್ಕೂ ನೀಲಿ ಬಣ್ಣ ಬರೋದು ಮುಖ್ಯವಾಗಿ ಒಳಗೆ ಸೇರಿದ ಚೂರು ಕಬ್ಬಿಣ, ಟೈಟಾನಿಯಂನಿಂದ. ಹಾಗಾಗಿ ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ.

ಕಯನೈಟ್‌ನ ವಿಚಿತ್ರ ಇರೋದು ಅದರ ಗಟ್ಟಿತನದಲ್ಲಿ. ಮೋಸ್ ಮಾಪಕದಲ್ಲಿ ಹರಳಿನ ಉದ್ದಕ್ಕೆ ಗೀರಿದರೆ 4.5ರಿಂದ 5, ಅಡ್ಡಕ್ಕೆ ಗೀರಿದರೆ 6.5ರಿಂದ 7. ಅಂದರೆ ಒಂದೇ ಕಲ್ಲಿನ ಮೇಲೆ ಅದೇ ಉಕ್ಕಿನ ಚಾಕು ಒಂದು ದಿಕ್ಕಲ್ಲಿ ಗೀರು ಮೂಡಿಸುತ್ತೆ, ಇನ್ನೊಂದು ದಿಕ್ಕಲ್ಲಿ ಜಾರುತ್ತೆ. ಇದಕ್ಕೇ ಹಿಂದೆ ಡಿಸ್ತೀನ್, 'ಎರಡು ಬಲದ್ದು' ಅನ್ನೋ ಹೆಸರೂ ಬಿತ್ತು. ಒಳಗಿನ ಪರಮಾಣು ಸರಪಳಿಗಳು ಉದ್ದಕ್ಕೆ ಸಾಗಿವೆ, ಸರಪಳಿ ಸರಪಳಿ ನಡುವಿನ ಹಿಡಿತ ಸಡಿಲ. ಸೌದೆ ಸೀಳಿದವರಿಗೆ ಇದು ಬೇಗ ಅರ್ಥವಾಗುತ್ತೆ. ನೀಲದ ಗಟ್ಟಿತನ 9. ರಸ್ತೆ ಧೂಳಿನಲ್ಲಿರೋ ಬೆಣಚುಕಲ್ಲಿನ ಪುಡಿಯೇ 7. ದಿನಾ ಕೆಲಸ ಮಾಡೋ ಕೈಗೆ ಕಯನೈಟ್ ಉಂಗುರ ಆಗಿಬರಲ್ಲ.

ಹಾಗಂತ ಮನೇಲಿ ಗೀರಿ ನೋಡಬೇಡಿ, ಕಲ್ಲು ಹಾಳಾಗುತ್ತೆ. ಲ್ಯಾಬಿನವರು ಬೆಳಕು ಎಷ್ಟು ಬಾಗುತ್ತೆ ಅಂತ ಅಳೀತಾರೆ: ಕಯನೈಟ್ 1.71ರಿಂದ 1.73, ನೀಲ 1.76ರಿಂದ 1.77. ಬಿಡಿ ಕಲ್ಲಾದರೆ ನೀರಲ್ಲಿ ತೂಗಿದರೂ ತಿಳಿಯುತ್ತೆ. ನೀಲ ನೀರಿಗಿಂತ ಸುಮಾರು 4 ಪಟ್ಟು ತೂಕ, ಕಯನೈಟ್ ಸುಮಾರು 3.6 ಪಟ್ಟು.

ಈ ಖನಿಜ ನಮಗೆ ಪರದೇಶಿಯೇನಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲಿದೆ. ಆದರೆ ಕತ್ತರಿಸಿ ಉಂಗುರಕ್ಕೆ ಕೂರಿಸುವಷ್ಟು ತಿಳಿಯಾದ ಹರಳು ಎಲ್ಲೇ ಆದರೂ ಅಪರೂಪ. ಸಾಮಾನ್ಯ ಕಯನೈಟ್ ಹೋಗೋದು ಕುಲುಮೆಯ ಇಟ್ಟಿಗೆಗೆ. ಜೋರಾಗಿ ಕಾಸಿದರೆ ಅದು ಉಬ್ಬಿ ಮುಲ್ಲೈಟ್ ಅನ್ನೋ ಬೆಂಕಿ ತಾಳುವ ವಸ್ತುವಾಗುತ್ತೆ.

ಇಷ್ಟು ಓದಿಕೊಂಡು ಅಂಗಡಿಗೆ ಹೋದೆವು. "ನ್ಯಾಚುರಲ್ ಸ್ಟೋನೇ ಕೊಟ್ಟಿದ್ದೀವಲ್ಲ ಮೇಡಂ" ಅಂದರು. ಸುಳ್ಳಲ್ಲ! ಬಿಲ್ ತೆಗೆದು ನೋಡಿದರೆ 'ಬ್ಲೂ ಸ್ಟೋನ್' ಅಂತಷ್ಟೇ ಇದೆ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಉಂಗುರದ ಒಳಗಡೆ ಮಿನುಗ್ತಿದೆ, ಆದರೆ ಅದು ಹೇಳೋದು ಚಿನ್ನದ ಶುದ್ಧತೆ ಮಾತ್ರ. ಚಿನ್ನಕ್ಕಿಂತ ಕಲ್ಲಿಗೇ ಜಾಸ್ತಿ ದುಡ್ಡು ಕೊಟ್ಟ ಗಿರಾಕಿಗೆ ಆ ಮುದ್ರೆಯಿಂದ ಏನು ಉಪಯೋಗ? ಕಲ್ಲಿನ ಖನಿಜದ ಹೆಸರು, ಕ್ಯಾರೆಟ್ ತೂಕ, ಬಣ್ಣಕ್ಕಾಗಿ ಕಾಸಿದ್ದಾರಾ ಇಲ್ಲವಾ ಅನ್ನೋದನ್ನ ಬಿಲ್ಲಲ್ಲೇ ಬರೆಸಿಕೊಳ್ಳದಿದ್ದರೆ ಆಮೇಲೆ ವಾದಕ್ಕೆ ಕಾಗದವೇ ಇರಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಬರೆದಿದ್ದೇವೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಸಹಾಯವಾಣಿ ಸಂಖ್ಯೆ 1915. ಜೋಡಿಸಲು ನಮ್ಮ ಹತ್ತಿರ ಇರೋದು ಲ್ಯಾಬ್ ವರದಿ, 'ಬ್ಲೂ ಸ್ಟೋನ್' ಬಿಲ್ಲು, ಎರಡು ಹೋಳು ಕಲ್ಲು.

ಚಿಕ್ಕಮ್ಮ ಮಾತ್ರ ಆಗಲೇ ಇನ್ನೊಂದು ಚೀಟಿ ಹಾಕಿದ್ದಾರೆ. "ಈ ಸಲ ಅಂಗಡಿಗೆ ನೀನೂ ಬಾರೋ" ಅಂತಿದ್ದಾರೆ.