ಪರೀಕ್ಷೆಯ ಅಂಕಗಳೂ ನ್ಯಾಯಾಲಯವೂ

ಫಲಿತಾಂಶ ಹೊರಬಿದ್ದ ಸಂಜೆ ಎಷ್ಟೋ ಮನೆಗಳಲ್ಲಿ ನಡೆಯುವ ಮಾತು ಇದು. ಚೆನ್ನಾಗಿ ಬರೆದಿದ್ದೇನೆಂದು ನಂಬಿದ್ದ ಹುಡುಗಿ ಒಂದು ವಿಷಯದಲ್ಲಿ ಎರಡು ಅಂಕಗಳಿಂದ ನಪಾಸಾಗಿದ್ದಾಳೆ. “ಕೋರ್ಟಿಗೆ ಹಾಕೋಣ” ಎನ್ನುತ್ತಾರೆ ಚಿಕ್ಕಪ್ಪ. “ಮೇಷ್ಟ್ರು ಕೊಟ್ಟ ಅಂಕವನ್ನು ಜಡ್ಜಿ ತಿದ್ದುತ್ತಾರೆಯೆ?” ಎಂದು ಕೇಳುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಉಂಟು. ಅದು ಯಾರ ಮಾತಿನಲ್ಲಿ ಎಷ್ಟು ಎಂಬುದನ್ನು ವಿಚಾರಮಾಡೋಣ.

ವಿಶ್ವವಿದ್ಯಾನಿಲಯವು ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ಆದ್ದರಿಂದ ಅದು ತಾನೇ ಮಾಡಿಕೊಂಡ ನಿಯಮಗಳನ್ನು ಮೀರಿ ನಡೆದರೆ ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಆದರೆ ಹೈಕೋರ್ಟು ಎರಡನೆಯ ಪರೀಕ್ಷಕನಲ್ಲ. ಈ ಉತ್ತರಕ್ಕೆ ಆರು ಅಂಕವೋ ಎಂಟು ಅಂಕವೋ ಎಂದು ಅದು ಕೇಳುವುದಿಲ್ಲ. ಅಂಕ ಕೊಟ್ಟ ಕ್ರಮ ನಿಯಮಕ್ಕೆ ಅನುಸಾರವಾಗಿತ್ತೆ ಎಂದು ಮಾತ್ರ ಕೇಳುತ್ತದೆ. ವಿದ್ಯೆಗೆ ಸಂಬಂಧಿಸಿದ ವಿಷಯಗಳಲ್ಲಿ ತಜ್ಞರ ಅಭಿಪ್ರಾಯವನ್ನು ನ್ಯಾಯಾಲಯ ಸುಲಭವಾಗಿ ತಳ್ಳಿಹಾಕಬಾರದೆಂಬ ಮಾತನ್ನು ಸುಪ್ರೀಂ ಕೋರ್ಟು 1963ರಲ್ಲಿ ಹೇಳಿದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮೊಕದ್ದಮೆಯೊಂದರಲ್ಲಿ. ಅದು ಇಂಗ್ಲಿಷ್ ಅಧ್ಯಾಪಕರ ನೇಮಕದ ವಿವಾದ. ಅಲ್ಲಿನ ತತ್ತ್ವವೇ ಮುಂದೆ ಪರೀಕ್ಷೆಯ ವ್ಯಾಜ್ಯಗಳಿಗೂ ಅನ್ವಯವಾಯಿತು.

1984ರಲ್ಲಿ ಮಹಾರಾಷ್ಟ್ರದ ಪ್ರೌಢಶಿಕ್ಷಣ ಮಂಡಳಿಯ ಮೊಕದ್ದಮೆ ಬಂದಿತು. ಉತ್ತರಪತ್ರಿಕೆಯನ್ನು ತೋರಿಸುವುದಿಲ್ಲ, ಮತ್ತೊಮ್ಮೆ ಬೆಲೆಕಟ್ಟುವುದಿಲ್ಲ, ಎಲ್ಲ ಉತ್ತರಗಳನ್ನೂ ನೋಡಿದೆಯೆ, ಕೂಡಿದ ಲೆಕ್ಕ ಸರಿಯೆ ಎಂಬುದನ್ನಷ್ಟೇ ಪರಿಶೀಲಿಸುತ್ತೇವೆ ಎಂಬುದು ಮಂಡಳಿಯ ನಿಯಮ. ಬೊಂಬಾಯಿ ಹೈಕೋರ್ಟು ವಿದ್ಯಾರ್ಥಿಗಳ ಪರವಾಗಿ ನಿಂತಿತ್ತು. ಸುಪ್ರೀಂ ಕೋರ್ಟು ಮಂಡಳಿಯ ನಿಯಮವನ್ನೇ ಎತ್ತಿಹಿಡಿಯಿತು. ಲಕ್ಷಾಂತರ ಪತ್ರಿಕೆಗಳನ್ನು ಮತ್ತೆಮತ್ತೆ ತೆರೆಯುತ್ತ ಹೋದರೆ ಫಲಿತಾಂಶಕ್ಕೆ ಕೊನೆಯೆಂಬುದೇ ಇರಲಾರದು ಎಂಬುದು ಅದರ ಕಾರಣ. ಅಲ್ಲಿಂದ ಮುಂದೆ, ನಿಯಮದಲ್ಲಿ ಅವಕಾಶವಿಲ್ಲದ ಕಡೆ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳುವುದು ಕಷ್ಟವಾಯಿತು.

ಹಾಗಾದರೆ ಬಾಗಿಲು ಪೂರ್ತಿ ಮುಚ್ಚಿದೆಯೆ? ಇಲ್ಲ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯ ಮಾತೇ ಬೇರೆ. ಅಲ್ಲಿ ಪರೀಕ್ಷಕನ ಅಭಿರುಚಿಗೆ ಎಡೆಯಿಲ್ಲ. ಉತ್ತರ ಸರಿ, ಇಲ್ಲವೆ ತಪ್ಪು. ಕಾನ್ಪುರ ವಿಶ್ವವಿದ್ಯಾನಿಲಯ 1982ರಲ್ಲಿ ನಡೆಸಿದ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಸಂಸ್ಥೆಯೇ ಪ್ರಕಟಿಸಿದ ಕೆಲವು ಸರಿಯುತ್ತರಗಳು ತಪ್ಪಾಗಿದ್ದವು. ವಿದ್ಯಾರ್ಥಿಗಳು ಮಾನ್ಯ ಪಠ್ಯಪುಸ್ತಕಗಳನ್ನು ತೆರೆದು ತೋರಿಸಿದರು. 1983ರಲ್ಲಿ ಸುಪ್ರೀಂ ಕೋರ್ಟು ಅವರ ಮಾತನ್ನು ಒಪ್ಪಿತು. ಆದರೆ ಒಂದು ಕಟ್ಟನ್ನೂ ಹಾಕಿತು: ಸಂಸ್ಥೆಯ ಉತ್ತರ ಸರಿಯೆಂದೇ ಮೊದಲು ಭಾವಿಸತಕ್ಕದ್ದು, ಅದು ತಪ್ಪೆಂಬುದು ದೀರ್ಘ ತರ್ಕದಿಂದ ಹೊರಡಿಸಬೇಕಾದದ್ದಾಗಿರದೆ ಕಣ್ಣಿಗೆ ಕಾಣುವಂತಿರಬೇಕು. ಉತ್ತರಗಳನ್ನು ಗುಟ್ಟಾಗಿಟ್ಟಿದ್ದರೆ ತಂಟೆಯೇ ಇರುತ್ತಿರಲಿಲ್ಲ ಎನ್ನುವ ವಾದವನ್ನೂ ನ್ಯಾಯಾಧೀಶರು ಮೆಚ್ಚಲಿಲ್ಲ. ಹಾಗೆ ಮಾಡಿದರೆ ಎಷ್ಟೋ ಮಕ್ಕಳು ಅನ್ಯಾಯವನ್ನು ಬಾಯಿಮುಚ್ಚಿ ಸಹಿಸಬೇಕಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ.

2024ರ ನೀಟ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಒಪ್ಪಲಾಗಿತ್ತು. ಒಂದಕ್ಕೆ ಪಠ್ಯಪುಸ್ತಕದ ಹಳೆಯ ಮುದ್ರಣ ಆಧಾರ. ನ್ಯಾಯಾಧೀಶರು ತಾವೇ ಉತ್ತರ ಹೇಳಲು ಹೋಗಲಿಲ್ಲ. ದೆಹಲಿಯ ಐಐಟಿಯ ಮೂವರು ತಜ್ಞರನ್ನು ಕೇಳಿದರು. ಸರಿಯುತ್ತರ ಒಂದೇ ಎಂದು ಅವರು ತಿಳಿಸಿದರು. ಅದರಿಂದ 4 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳು ಇಳಿದವು. ಒಬ್ಬನಿಗೆ ದೊರೆತ ನ್ಯಾಯ ಇನ್ನೊಬ್ಬನ ಸ್ಥಾನವನ್ನು ಅಲುಗಿಸುವುದುಂಟು. ನ್ಯಾಯಾಲಯಗಳು ಇಂಥ ಕಡೆ ಹಿಂಜರಿಯುವುದು ಇದಕ್ಕಾಗಿಯೇ.

ಪ್ರಬಂಧರೂಪದ ಉತ್ತರ ಬರೆದ ವಿದ್ಯಾರ್ಥಿಗೆ ದೊಡ್ಡ ಆಸರೆಯಾದುದು 2011ರ ತೀರ್ಪು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಆ ಮೊಕದ್ದಮೆಯಲ್ಲಿ ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಬೆಲೆಕಟ್ಟಿದ ಉತ್ತರಪತ್ರಿಕೆಯೂ 2005ರ ಮಾಹಿತಿ ಹಕ್ಕು ಕಾಯಿದೆಯ ಅರ್ಥದಲ್ಲಿ ಮಾಹಿತಿಯೇ. ಬರೆದವನು ಅದನ್ನು ನೋಡಬಹುದು, ನಕಲು ಪಡೆಯಬಹುದು ಎಂದಾಯಿತು. ಪರೀಕ್ಷಕರ ಹೆಸರನ್ನು ಮಾತ್ರ ತಿಳಿಸಬೇಕಾಗಿಲ್ಲ. ಆದರೆ ನೋಡುವ ಹಕ್ಕು ಮರುಮೌಲ್ಯಮಾಪನದ ಹಕ್ಕಲ್ಲ. 2017ರ ತೀರ್ಪೊಂದು ಇದನ್ನು ಮತ್ತೆ ಸ್ಪಷ್ಟಪಡಿಸಿತು: ನಿಯಮದಲ್ಲಿ ಅವಕಾಶವಿದ್ದರೆ ಮರುಮೌಲ್ಯಮಾಪನ ಮಾಡಿಸಬಹುದು, ಇಲ್ಲದಿದ್ದರೆ, ಢಾಳಾದ ತಪ್ಪು ಕಂಡ ಅಪರೂಪದ ಸಂದರ್ಭದಲ್ಲಿ ಮಾತ್ರ. ಕನಿಕರ ಅಲ್ಲಿ ಕೆಲಸಮಾಡದು.

ಇನ್ನು ಆ ಹುಡುಗಿಯ ಮನೆಗೆ ಹಿಂದಿರುಗೋಣ. ಅವಳು ಮೊದಲು ವಿಶ್ವವಿದ್ಯಾನಿಲಯದ ನಿಯಮವನ್ನೂ ಅರ್ಜಿಯ ಕೊನೆಯ ದಿನಾಂಕವನ್ನೂ ನೋಡಬೇಕು. ಉತ್ತರಪತ್ರಿಕೆಗಳನ್ನು ಗೊತ್ತಾದ ಅವಧಿಯವರೆಗೆ ಮಾತ್ರ ಇಟ್ಟಿರುತ್ತಾರೆ. ಆಮೇಲೆ ಕೇಳಿ ಫಲವಿಲ್ಲ. ನಕಲು ಬಂದಮೇಲೆ ಕೋಪವನ್ನು ಬದಿಗಿಟ್ಟು, ಆ ವಿಷಯ ಬಲ್ಲ ಅಧ್ಯಾಪಕರೊಬ್ಬರ ಜೊತೆ ಕುಳಿತು ಓದಬೇಕು. ಕೂಡುವಾಗ ತಪ್ಪಿದೆಯೆ? ಯಾವುದಾದರೂ ಪುಟವನ್ನು ನೋಡದೆ ಬಿಟ್ಟಿದ್ದಾರೆಯೆ? ಇಂಥ ತಪ್ಪು ಕಂಡರೆ ಲಿಖಿತ ಅರ್ಜಿಯೇ ಬಹುಮಟ್ಟಿಗೆ ಸಾಕು; ಸಂಸ್ಥೆ ಕಿವಿಗೊಡದಿದ್ದಾಗ ಹೈಕೋರ್ಟು ಇದ್ದೇ ಇದೆ. “ಇನ್ನೆರಡು ಅಂಕ ಕೊಡಬಹುದಿತ್ತು” ಎಂಬುದಷ್ಟೇ ದೂರಾದರೆ, ಮರುಮೌಲ್ಯಮಾಪನಕ್ಕೋ ಮುಂದಿನ ಪರೀಕ್ಷೆಗೋ ಸಿದ್ಧವಾಗುವುದು ಲೇಸು. ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಯಾವುದನ್ನು ಹಿಡಿಯುತ್ತಾರೆ ಎಂಬುದನ್ನೂ ಮೊದಲೇ ತಿಳಿದಿರಬೇಕು.

ಅಂಗಡಿಯವನು ತೂಗಿಕೊಟ್ಟ ಬೆಲ್ಲ ಸಿಹಿಯಿಲ್ಲವೆಂದು ತಕ್ಕಡಿಯ ಅಧಿಕಾರಿಗೆ ದೂರು ಕೊಟ್ಟರೆ ಅವನೇನು ಮಾಡಬಲ್ಲ? ತಕ್ಕಡಿ ಸರಿಯಿಲ್ಲವೆಂದರೆ ಮಾತ್ರ ಬರುತ್ತಾನೆ. ನ್ಯಾಯಾಲಯದ ಅಧಿಕಾರವೂ ಅಷ್ಟೇ. ಆದರೆ ತಕ್ಕಡಿಯನ್ನು ಕಣ್ಣಾರೆ ನೋಡುವ ಹಕ್ಕು ಇಂದು ವಿದ್ಯಾರ್ಥಿಯ ಕೈಗೇ ಬಂದಿದೆ. ಅದನ್ನು ಅವಧಿ ಮೀರುವ ಮೊದಲು ಉಪಯೋಗಿಸಿಕೊಳ್ಳುವುದು ಜಾಣತನ.